ಓದು ಮುಗಿದಿದೆ, ಟಿಪ್ಪಣಿಗಳೂ ರಾಶಿ ಇವೆ. ಆದರೆ ಪ್ರಬಂಧ ಬರೆಯಲು ಕೂತರೆ ಪೀಠಿಕೆಯ ಮೊದಲ ಪ್ಯಾರಾ ದಾಟುತ್ತಿಲ್ಲ, ಬರೆದದ್ದನ್ನೆಲ್ಲ ಅಳಿಸುತ್ತಿದ್ದೇನೆ. ಏನು ಮಾಡಲಿ?

ಓದು ಮುಗಿದಿದೆ, ಟಿಪ್ಪಣಿ ರಾಶಿ ಬಿದ್ದಿದೆ, ಆದರೂ ಪೀಠಿಕೆಯಲ್ಲೇ ಸಿಕ್ಕಿಬಿದ್ದಿದ್ದೇನೆ ಅಂತೀರಿ. ಹಾಗಿದ್ದರೆ ನಿಮಗೆ ವಿಷಯದ ಕೊರತೆ ಇಲ್ಲ. ಬರೆಯುವ ಕೆಲಸ, ತಿದ್ದುವ ಕೆಲಸ ಎರಡನ್ನೂ ಒಟ್ಟಿಗೆ ಮಾಡಲು ಹೋಗುತ್ತಿದ್ದೀರಿ, ತೊಡಕು ಇರುವುದು ಅಲ್ಲಿ.

1980ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೈಕ್ ರೋಸ್ ಎಂಬ ಸಂಶೋಧಕರು ಹತ್ತು ಪದವಿ ವಿದ್ಯಾರ್ಥಿಗಳು ಬರೆಯುವ ರೀತಿಯನ್ನು ಪರಿಶೀಲಿಸಿದರು. ಐವರಿಗೆ ಬರೆಯಲು ಕೂತರೆ ಕೈ ಕಟ್ಟುತ್ತಿತ್ತು, ಉಳಿದವರಿಗೆ ಇಲ್ಲ. ಕೈ ಕಟ್ಟಿದವರ ತಲೆಯಲ್ಲಿ ಬಿಗಿ ನಿಯಮಗಳಿದ್ದವು: ಆರಂಭದಲ್ಲೇ ಓದುಗರನ್ನು ಹಿಡಿಯಬೇಕು, ಪ್ರತಿ ವಾಕ್ಯವೂ ಮೊದಲ ಸಲಕ್ಕೇ ವ್ಯಾಕರಣಶುದ್ಧವಾಗಿರಬೇಕು, ಹೀಗೆ. ನಿಮ್ಮ ತಲೆಯಲ್ಲಿರುವ ನಿಯಮಗಳನ್ನೂ ಒಂದು ಹಾಳೆಯಲ್ಲಿ ಬರೆದು ನೋಡಿ. ಅವುಗಳಲ್ಲಿ ಬಹುಪಾಲು ಕೊನೆಯ ಪ್ರತಿಗೆ ಸಲ್ಲುವಂಥವು, ಕರಡಿಗಲ್ಲ.

ಪೀಠಿಕೆಯನ್ನು ಕೊನೆಗೆ ಬಿಡಿ. ಇನ್ನೂ ಬರೆಯದ ಪ್ರಬಂಧವನ್ನು ಪರಿಚಯಿಸುವುದಾದರೂ ಹೇಗೆ? ದತ್ತಾಂಶ ಸಂಗ್ರಹಿಸಿದ್ದರೆ ಅಧ್ಯಯನ ವಿಧಾನದಿಂದ ಶುರುಮಾಡಿ. ಮಾಡಿದ್ದನ್ನು ಹೇಳುವುದಷ್ಟೇ ಆದ್ದರಿಂದ ಅದು ಸಲೀಸು. ಸಾಹಿತ್ಯ ಕೃತಿಯ ಅಧ್ಯಯನವಾದರೆ, ನಿಮಗೆ ತುಂಬ ಗೊತ್ತಿರುವ ಒಂದೇ ಭಾಗದ ವಿಶ್ಲೇಷಣೆ ಸಾಕು.

25 ನಿಮಿಷಕ್ಕೆ ಅಲಾರಂ ಇಟ್ಟು, ಏನನ್ನೂ ಅಳಿಸದೆ ಬರೆಯಿರಿ. ಕಂಪ್ಯೂಟರಿನಲ್ಲಿ ಕೈ ತಾನಾಗಿಯೇ ಅಳಿಸಲು ಹೋಗುತ್ತದೆ ಎಂದಾದರೆ ಕಾಗದದ ಮೇಲೆ ಪೆನ್ನಿನಲ್ಲೇ ಬರೆಯಿರಿ. ಪದ ಹೊಳೆಯದಿದ್ದರೆ ### ಹಾಕಿ, ಆಕರದ ಪುಟ ನೆನಪಾಗದಿದ್ದರೆ 'ಪುಟ?' ಅಂತ ಬರೆದು ಮುಂದೆ ಹೋಗಿ. ಬಹಳ ಜನ ಎಡವುವುದೇ ಇಲ್ಲಿ. 'ಒಂದೇ ಒಂದು ಉಲ್ಲೇಖ ನೋಡಿಬಿಡೋಣ' ಎಂದು ಪುಸ್ತಕ ತೆರೆದರೆ ಸಂಜೆಯಾಗುತ್ತದೆ, ಓದಿದ ತೃಪ್ತಿಯಲ್ಲಿ ಬರೆಯದ ಅಳುಕೂ ಮರೆಯುತ್ತದೆ. ಏಳುವ ಮುಂಚೆ, ಮುಂದಿನ ವಾಕ್ಯದಲ್ಲಿ ಏನು ಹೇಳಬೇಕೆಂದು ಅರ್ಧ ಸಾಲು ಗುರುತು ಹಾಕಿಡಿ. ನಾಳೆ ಖಾಲಿ ಹಾಳೆಯ ಮುಂದೆ ಕೂರುವುದು ತಪ್ಪುತ್ತದೆ.

ಗ್ರಂಥಭಾಷೆಯೇ ಅಡ್ಡ ಬರುತ್ತಿದ್ದರೆ, ಗೆಳೆಯರಿಗೆ ವಿವರಿಸುವ ಹಾಗೆ ಐದು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಅದನ್ನೇ ಬರಹಕ್ಕಿಳಿಸಿ.

ಹೀಗೆ ಎರಡು ಮೂರು ದಿನ ಕೂತರೂ ಏನೂ ಬರದಿದ್ದರೆ, ಇದನ್ನು ತುಂಬಿಸಿ ನೋಡಿ: 'ನನ್ನ ಪ್ರಶ್ನೆ ಇದು, ನನ್ನ ಉತ್ತರ ಇದು, ಕಾರಣ ಇದು.' ತುಂಬಿಸಲು ಆಗದಿದ್ದರೆ ನಿಮ್ಮ ಪ್ರಶ್ನೆಯೇ ಇನ್ನೂ ಗಟ್ಟಿಯಾಗಿಲ್ಲ. ಇನ್ನಷ್ಟು ಓದಿದರೆ ಅದು ಸರಿಹೋಗುವುದಿಲ್ಲ, ವ್ಯಾಪ್ತಿಯನ್ನು ಕಿರಿದು ಮಾಡಬೇಕು.

ತಿದ್ದುವುದಕ್ಕೆ ಬೇರೆ ದಿನವಿರಲಿ. ಪ್ರತಿ ಪ್ಯಾರಾದ ಪಕ್ಕ ಅದರ ಸಾರವನ್ನು ಒಂದು ಸಾಲಿನಲ್ಲಿ ಬರೆಯಿರಿ. ಎರಡು ಪ್ಯಾರಾಗಳಿಗೆ ಒಂದೇ ಸಾರ ಬಂದರೆ ಸೇರಿಸಿ. ಒಂದು ಸಾಲಿಗೆ ಅಡಗದಿದ್ದರೆ ಒಡೆಯಿರಿ. ಕಾಗುಣಿತ ಕಟ್ಟಕಡೆಗೆ. ಇಲ್ಲದಿದ್ದರೆ, ಆಮೇಲೆ ಕಿತ್ತುಹಾಕುವ ಪ್ಯಾರಾವನ್ನೇ ಅರ್ಧ ದಿನ ತೀಡುತ್ತೀರಿ.

ಮಾರ್ಗದರ್ಶಕರಿಂದ ತಲೆಮರೆಸಿಕೊಳ್ಳಬೇಡಿ. 'ಕಚ್ಚಾ ಕರಡು' ಎಂದು ಮೇಲೆ ಬರೆದು ಎರಡೇ ಪುಟ ಕಳಿಸಿ. 'ಹೇಗಿದೆ?' ಎಂದು ಕೇಳಿದರೆ 'ಸರಿಯಿಲ್ಲ' ಎಂಬ ಒಂದೇ ಮಾತು ಬಂದೀತು, ಹೆದರಿಕೆ ಇನ್ನೂ ಹೆಚ್ಚೀತು. 'ಈ ವಾದಕ್ಕೆ ಈ ಉದಾಹರಣೆ ಸಾಕೇ, ಸರ್?' ಎನ್ನಿ, ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಬರವಣಿಗೆಯಷ್ಟೇ ಅಲ್ಲ, ನಿದ್ದೆ, ಊಟ, ತರಗತಿ ಎಲ್ಲವೂ ವಾರಗಟ್ಟಲೆ ಕೆಟ್ಟಿದ್ದರೆ ಮೇಲಿನ ಉಪಾಯಗಳು ಸಾಲವು. ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ಮೊದಲು ಕಾಣಿ. ಸಲ್ಲಿಕೆಗೆ ಹೆಚ್ಚು ಸಮಯ ಬೇಕೆಂಬ ಅರ್ಜಿಯನ್ನು ಕೊನೆಯ ದಿನಾಂಕಕ್ಕೆ ಮುಂಚೆಯೇ ಕೊಡಿ.