ಏರ್ ಬೆಡ್ ಇದ್ದರೂ ಹುಣ್ಣು ಏಕೆ?

ಪ್ರಶ್ನೆ: ಅತ್ತೆಗೆ 82 ವರ್ಷ. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದಾರೆ. ಏರ್ ಬೆಡ್ ಹಾಕಿದ್ದರೂ ಬಾಲದೆಲುಬಿನ ಮೇಲೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆ. ಎಣ್ಣೆ ತಿಕ್ಕಿ ಪೌಡರ್ ಹಾಕುತ್ತಿದ್ದೇವೆ. ಯಾವ ಮುಲಾಮು ಒಳ್ಳೆಯದು?
– ಓದುಗರು, ತಿಪಟೂರು

ಉತ್ತರ: ಮುಲಾಮಿನ ಮಾತು ಆಮೇಲೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅದು ಬೆಡ್‌ಸೋರ್‌ನ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣಿನ) ಮೊದಲ ಹಂತ. ಮೈಬಣ್ಣ ಕಪ್ಪಿದ್ದರೆ ಕೆಂಪು ಸರಿಯಾಗಿ ಕಾಣದು. ಆ ಜಾಗ ಸುತ್ತಲಿಗಿಂತ ಬಿಸಿಯೋ, ಗಟ್ಟಿಯೋ ಎಂದು ಮುಟ್ಟಿ ನೋಡಿ. ತಿಕ್ಕುವುದನ್ನು ಇವತ್ತೇ ನಿಲ್ಲಿಸಿ, ಒಳಗೆ ಮೊದಲೇ ನಲುಗಿರುವ ಮಾಂಸಕ್ಕೆ ಅದರಿಂದ ಇನ್ನಷ್ಟು ಪೆಟ್ಟು. ಪೌಡರ್ ಬೆವರಿಗೆ ಗಂಟುಗಟ್ಟಿ ಚರ್ಮವನ್ನು ಉಜ್ಜುತ್ತದೆ.

ಏರ್ ಬೆಡ್ ಬಂತೆಂದು ಮಗ್ಗುಲು ಬದಲಿಸುವುದನ್ನು ಬಿಟ್ಟಿರಬೇಕು. ಬಹಳ ಮನೆಗಳಲ್ಲಿ ಆಗುವುದೇ ಇದು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯ ಸರದಿಯನ್ನು ಮನೆಯವರು ಹಂಚಿಕೊಳ್ಳಿ. ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಭಾರವೆಲ್ಲ ಸೊಂಟದ ಮೂಳೆಗೆ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ವಾಲಿಸಿ. ಎಳೆದು ಸರಿಸಬೇಡಿ. ಅಡಿಗೆ ಮಡಿಚಿದ ಬೆಡ್‌ಶೀಟ್ ಹಾಸಿ, ಇಬ್ಬರು ಹಿಡಿದು ಎತ್ತಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಏನಕ್ಕೂ ತಾಗದಂತೆ ನೋಡಿಕೊಳ್ಳಿ. ನಡುವೆ ತೂತಿರುವ ರಬ್ಬರ್ ರಿಂಗ್ ಬೇಡವೇ ಬೇಡ, ಅದರ ಅಂಚು ಸುತ್ತಲಿನ ರಕ್ತ ಸಂಚಾರವನ್ನೇ ತಡೆಯುತ್ತದೆ.

ಇನ್ನು ಏರ್ ಬೆಡ್. ಅದರ ಕೆಳಗೆ, ಅವರ ಪೃಷ್ಠದ ನೇರಕ್ಕೆ ಅಂಗೈ ತೂರಿಸಿ. ಮೂಳೆ ಕೈಗೆ ತಾಗಿದರೆ ಗಾಳಿ ಸಾಲದು; ಒಂದು ಇಂಚಾದರೂ ಅಂತರ ಬೇಕು. ಮೇಲೆ ತೆಳು ಹತ್ತಿ ಬಟ್ಟೆ ಒಂದೇ ಸಾಕು. ಜಮಖಾನ, ರಬ್ಬರ್ ಶೀಟು ಪೇರಿಸಿದರೆ ಕೊಟ್ಟ ದುಡ್ಡು ದಂಡ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಯುಪಿಎಸ್‌ಗೆ ಜೋಡಿಸಿ.

ಡೈಪರ್ ಒದ್ದೆಯಾದ ಕೂಡಲೇ ಬದಲಿಸಿ, ಒರೆಸಿ, ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಹಚ್ಚಿ. ಮುಲಾಮಿಗೆ ಇರುವ ಕೆಲಸ ಇಷ್ಟೇ. 50 ಕೆ.ಜಿ. ತೂಕದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಪ್ರೋಟೀನ್ ಬೇಕು, ಗಂಜಿ-ತಿಳಿಸಾರಿನಲ್ಲಿ ಅದು ಸಿಗದು. ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳಿ ಕೊಡಿ. ಚರ್ಮ ಒಡೆದರೆ ಸಲೈನ್‌ನಲ್ಲಿ ತೊಳೆಯಿರಿ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ದುರ್ವಾಸನೆ, ಜ್ವರ, ಇದ್ದಕ್ಕಿದ್ದಂತೆ ಮಂಕು: ಇವುಗಳಲ್ಲಿ ಯಾವುದು ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ತಂದೆ ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ಸುತ್ತಿ ಬೀಳುತ್ತಾರೆ. ಬಿ.ಪಿ. ನಾರ್ಮಲ್ ಅನ್ನುತ್ತಾರೆ.
– ಓದುಗರು, ಶಿರಸಿ

ಉತ್ತರ: ಕೂತಾಗ ಮಾತ್ರ ನೋಡಿದರೆ ನಾರ್ಮಲ್ಲೇ ಇರಬಹುದು. 5 ನಿಮಿಷ ಮಲಗಿಸಿ ಅಳೆಯಿರಿ. ನಿಂತ 1 ನಿಮಿಷಕ್ಕೆ, 3 ನಿಮಿಷಕ್ಕೆ ಮತ್ತೆ ಅಳೆಯಿರಿ, ಪಕ್ಕದಲ್ಲಿ ಒಬ್ಬರು ಹಿಡಿದಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ಅಂಕಿಗಳನ್ನು ಬರೆದ ಚೀಟಿಯ ಜೊತೆಗೆ ಎಲ್ಲ ಮಾತ್ರೆಗಳನ್ನೂ ವೈದ್ಯರಿಗೆ ತೋರಿಸಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ನೀರು ಇಳಿಸುವ ಮಾತ್ರೆ, ನಿದ್ದೆ ಮಾತ್ರೆಗಳ ಬಗ್ಗೆ ಬಿಡಿಸಿ ಕೇಳಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಅಲ್ಲಿಯವರೆಗೆ ರಾತ್ರಿ ಹಾಸಿಗೆ ಪಕ್ಕದಲ್ಲೇ ಯೂರಿನ್ ಪಾಟ್ ಇಡಿ.