ಓದುಗರ ಪ್ರಶ್ನೆ: ನಾರಾಯಣ ಗುರುಗಳು ತಾವೇ ಕಟ್ಟಿದ ಯೋಗವನ್ನು (ಸಂಘಟನೆಯನ್ನು) ಬಿಟ್ಟದ್ದು ನಿಜವೇ?

ಬ್ರಹ್ಮಶ್ರೀ ನಾರಾಯಣ ಗುರುಗಳನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ವಿಷಯವನ್ನು ಕೇಳಿದ್ದ ಪತ್ರಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮನೆಯ ದೇವರ ಕೋಣೆಯಲ್ಲಿ ಗುರುಗಳ ಪಟಕ್ಕೆ ದಿನವೂ ದೀಪ ಹಚ್ಚುತ್ತೇವೆ. ಮಗನ ಪಾಠಪುಸ್ತಕದಲ್ಲಿ ಅವರನ್ನು ‘ಸಮಾಜ ಸುಧಾರಕ’ ಎಂದು ಕರೆದಿದೆ. ಅವರನ್ನು ಸಂತರೆನ್ನಬೇಕೆ, ಸುಧಾರಕರೆನ್ನಬೇಕೆ?
– ಒಬ್ಬ ಗೃಹಿಣಿ, ಕಾರ್ಕಳ

ಉತ್ತರ: ಪಾಠಪುಸ್ತಕಕ್ಕೆ ಒಂದು ಪದ ಸಾಕಾಗುತ್ತದೆ, ಬದುಕಿಗೆ ಸಾಕಾಗುವುದಿಲ್ಲ. ತಿರುವನಂತಪುರದ ಬಳಿಯ ಚೆಂಬಳಂತಿಯಲ್ಲಿ ಮಾಡನ್ ಆಶಾನ್ ಮತ್ತು ಕುಟ್ಟಿಯಮ್ಮ ಎಂಬ ದಂಪತಿಗೆ ಅವರು ಹುಟ್ಟಿದ್ದು 1856ರಲ್ಲಿ ಎಂಬುದು ಬಹುಮಂದಿ ಒಪ್ಪಿದ ಲೆಕ್ಕ. ಒಂದೆರಡು ವರ್ಷ ಹಿಂದೆ ಎನ್ನುವವರೂ ಇದ್ದಾರೆ. ಮನೆಯಲ್ಲಿ ನಾಣು ಎಂದು ಕರೆಯುತ್ತಿದ್ದ ಈ ಹುಡುಗ ಕುಮ್ಮಂಪಿಳ್ಳಿ ರಾಮನ್ ಪಿಳ್ಳೆ ಆಶಾನ್ ಅವರ ಬಳಿ ಸಂಸ್ಕೃತ ಕಲಿತು, ಊರಿಗೆ ಮರಳಿ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು ‘ನಾಣು ಆಶಾನ್’ (ಆಶಾನ್ ಎಂದರೆ ಗುರು) ಆದ. ಮುಂದೆ ಮನೆ ಬಿಟ್ಟು ಅಲೆದ ಕಾಲದಲ್ಲಿ ಚಟ್ಟಂಬಿ ಸ್ವಾಮಿಗಳ ಒಡನಾಟ ದೊರೆಯಿತು. ತೈಕ್ಕಾಡ್ ಅಯ್ಯಾವು ಅವರಿಂದ ಯೋಗಾಭ್ಯಾಸವಾಯಿತು. ಕನ್ಯಾಕುಮಾರಿಯ ಸಮೀಪದ ಮರುತ್ವಾಮಲೆಯ ಗುಹೆಯಲ್ಲಿ ತಪಸ್ಸು ನಡೆಯಿತು. ಇಲ್ಲಿಯವರೆಗಿನ ಕಥೆಯಲ್ಲಿ ಸುಧಾರಕನ ಸುಳಿವೇ ಇಲ್ಲ.

ಸುಳಿವು ಸಿಗುವುದು 1888ರ ಶಿವರಾತ್ರಿಯಂದು, ನೆಯ್ಯಾರ್ ನದಿಯ ದಡದ ಅರುವಿಪ್ಪುರದಲ್ಲಿ. ಅಂದಿನ ತಿರುವಾಂಕೂರಿನಲ್ಲಿ ಈಳವರು, ಅಂದರೆ ಗುರುಗಳು ಹುಟ್ಟಿದ ಸಮುದಾಯದವರು, ಮೇಲ್ಜಾತಿಯವರ ದೇವಸ್ಥಾನದೊಳಗೆ ಕಾಲಿಡುವಂತಿರಲಿಲ್ಲ. ಅದರ ಸುತ್ತಲಿನ ಬೀದಿಗಳಲ್ಲಿ ನಡೆಯುವುದಕ್ಕೂ ಅಡ್ಡಿಯಿತ್ತು. ತಮ್ಮದೇ ಗುಡಿಗಳಲ್ಲಿ ಅವರು ಪೂಜಿಸುತ್ತಿದ್ದದ್ದು ರಕ್ತಬಲಿ ಬೇಡುವ, ಕಳ್ಳಿನ ನೈವೇದ್ಯ ಪಡೆಯುವ ದೈವಗಳನ್ನು. ಶಿವಪ್ರತಿಷ್ಠೆಯೆಂಬುದು ಬ್ರಾಹ್ಮಣ ತಂತ್ರಿಗಳ ಹಕ್ಕೆಂದೇ ನಡೆದುಬಂದಿತ್ತು. ಆ ನಡುರಾತ್ರಿ ಗುರುಗಳು ನದಿಯ ಶಂಕರನ್ ಕುಳಿ ಎಂಬ ಮಡುವಿನಲ್ಲಿ ಮುಳುಗಿ ಒಂದು ಕಲ್ಲನ್ನು ಎತ್ತಿಕೊಂಡು ಬಂದರು. ಅದನ್ನು ಎದೆಗವಚಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿರಲು ಬಹಳ ಹೊತ್ತು ನಿಂತಿದ್ದರೆಂದೂ, ಬೆಳಗಿನ ಜಾವಕ್ಕೆ ಅಲ್ಲಿನ ಬಂಡೆಯ ಮೇಲೆ ಇರಿಸಿದರೆಂದೂ ಕಂಡವರು ಹೇಳಿದ್ದು ಉಳಿದುಬಂದಿದೆ. ಶಿಲ್ಪಿಯ ಉಳಿ ಸೋಕದ ಹೊಳೆಯ ಕಲ್ಲು ಅದು. ಈಳವನಿಗೆ ಶಿವಪ್ರತಿಷ್ಠೆ ಮಾಡುವ ಅಧಿಕಾರ ಎಲ್ಲಿಂದ ಬಂತೆಂದು ಕೇಳಲು ಬಂದವರಿಗೆ, ತಾವು ಪ್ರತಿಷ್ಠಾಪಿಸಿದ್ದು ಈಳವರ ಶಿವನನ್ನು ಎಂದರಂತೆ. ಈ ಮಾತನ್ನು ಈಗ ಚಟಾಕಿಯಂತೆ ಹೇಳಿ ನಗುತ್ತೇವೆ. ಆದರೆ ಶಿವನನ್ನು ನಿಮ್ಮ ಶಿವ, ನಮ್ಮ ಶಿವ ಎಂದು ಮೊದಲು ಹಂಚಿಕೊಂಡವರು ಯಾರು ಎಂಬ ಪ್ರಶ್ನೆ ಅದರೊಳಗಿದೆ, ಮತ್ತು ಕೇಳಲು ಬಂದವರಿಗೆ ಅದು ಅರ್ಥವಾಗದೆ ಇರಲಿಲ್ಲ. ಗುರುಗಳು ಅಲ್ಲಿ ಬರೆಸಿದ ಮಲಯಾಳದ ಸಾಲುಗಳ ತಾತ್ಪರ್ಯ ಇಷ್ಟು: ಜಾತಿಭೇದ, ಮತದ್ವೇಷ ಯಾವುದೂ ಇಲ್ಲದೆ ಎಲ್ಲರೂ ಸೋದರರಂತೆ ಬಾಳುವ ಮಾದರಿ ಸ್ಥಾನವಿದು.

ಕಲ್ಲನ್ನು ಎದೆಗವಚಿಕೊಂಡು ಅತ್ತವನು ಸಂತ, ಈ ಸಾಲುಗಳನ್ನು ಬರೆಸಿದವನು ಸುಧಾರಕ ಎಂದು ಬೇರ್ಪಡಿಸುವುದು ನನ್ನಿಂದಂತೂ ಆಗದ ಕೆಲಸ. ನೀವು ದೀಪ ಹಚ್ಚುವುದನ್ನು ನಿಲ್ಲಿಸಬೇಕಾಗಿಲ್ಲ. ಮಗನ ಪುಸ್ತಕವೂ ತಪ್ಪಲ್ಲ.

ಪ್ರಶ್ನೆ: ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಕ್ಕೂ ಬೆಂಗಳೂರಿಗೂ ಸಂಬಂಧವಿದೆ ಎಂದು ಭಾಷಣವೊಂದರಲ್ಲಿ ಕೇಳಿದೆ. ಅದೇನು?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಸಂಬಂಧದ ಹೆಸರು ಡಾ. ಪಲ್ಪು. 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿದ ಈ ಈಳವ ತರುಣ ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿ ಬಂದರೂ, ತನ್ನ ಸ್ವಂತ ಸಂಸ್ಥಾನದ ಸರ್ಕಾರ ಜಾತಿಯ ಕಾರಣಕ್ಕೆ ನೌಕರಿ ಕೊಡಲಿಲ್ಲ. ಕೊಟ್ಟದ್ದು ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಪ್ಲೇಗ್ ಹಬ್ಬಿದಾಗ ಊರು ಬಿಟ್ಟು ಓಡದೆ ರೋಗಿಗಳ ನಡುವೆ ದುಡಿದ ವೈದ್ಯರಲ್ಲಿ ಅವರೊಬ್ಬರು. 1896ರಲ್ಲಿ ಸರ್ಕಾರಿ ಶಾಲೆ ಮತ್ತು ನೌಕರಿಗಳಲ್ಲಿ ತಮ್ಮವರಿಗೆ ಅವಕಾಶ ಕೋರಿ 13,176 ಜನರ ಸಹಿಯೊಂದಿಗೆ ತಿರುವಾಂಕೂರಿನ ಮಹಾರಾಜರಿಗೆ ಮನವಿ ಸಲ್ಲಿಸಿದವರೂ ಅವರೇ. ಮನವಿಯಿಂದ ಹೆಚ್ಚೇನೂ ಆಗಲಿಲ್ಲ. ಇದಕ್ಕೂ ಮೊದಲೇ ಮೈಸೂರು ಸೀಮೆಯಲ್ಲಿ ಭೇಟಿಯಾಗಿದ್ದ ಸ್ವಾಮಿ ವಿವೇಕಾನಂದರು, ನಿಮ್ಮ ಜನರನ್ನು ಒಗ್ಗೂಡಿಸಬೇಕಾದರೆ ನಿಮ್ಮೊಳಗಿನ ಒಬ್ಬ ಆಧ್ಯಾತ್ಮಿಕ ಗುರುವನ್ನು ಮುಂದಿಟ್ಟುಕೊಳ್ಳಿ ಎಂಬ ಸಲಹೆ ನೀಡಿದ್ದರು. ಅರ್ಜಿಯ ದಾರಿ ಮುಚ್ಚಿದಾಗ ಪಲ್ಪು ಅವರು ಈ ದಾರಿ ಹಿಡಿದರು.

ಇನ್ನೊಂದು ಕೊಂಡಿಯೂ ಇದೆ. ಗುರುಗಳ ಶಿಷ್ಯ ಕುಮಾರನ್ ಆಶಾನ್, ಮುಂದೆ ಮಲಯಾಳದ ಮಹಾಕವಿ ಎನಿಸಿಕೊಂಡವರು, ಪಲ್ಪು ಅವರ ಆಶ್ರಯದಲ್ಲಿದ್ದುಕೊಂಡು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರ ಓದಿದರು. ಪ್ಲೇಗಿನ ಕಾಲಕ್ಕೆ ಓದು ನಿಂತು, ಮುಂದಿನ ಅಧ್ಯಯನಕ್ಕಾಗಿ ಕಲ್ಕತ್ತೆಗೆ ಹೋದರು. ಅರುವಿಪ್ಪುರದ ದೇವಸ್ಥಾನದ ಆಡಳಿತ ನೋಡುತ್ತಿದ್ದ ಸಣ್ಣ ಕೂಟವೇ 1903ರ ಮೇ ತಿಂಗಳಲ್ಲಿ ಯೋಗವಾಗಿ ನೋಂದಣಿಯಾದಾಗ ಗುರುಗಳು ಅಧ್ಯಕ್ಷರು, ಆಶಾನ್ ಕಾರ್ಯದರ್ಶಿ, ಬೆನ್ನಿಗೆ ನಿಂತವರು ಪಲ್ಪು. ಮೂವರಲ್ಲಿ ಇಬ್ಬರು ಬೆಂಗಳೂರಿನ ನೀರು ಕುಡಿದವರು.

ಪ್ರಶ್ನೆ: ‘ಮನುಷ್ಯನಿಗೆ ಒಂದೇ ಜಾತಿ, ಒಂದೇ ಮತ, ಒಬ್ಬನೇ ದೇವರು’ ಎಂದವರ ಹೆಸರಿನ ಸಂಘಟನೆ ಒಂದು ಜಾತಿಯ ಸಂಘಟನೆಯಾಗಿ ಕಾಣುವುದೇಕೆ? ಗುರುಗಳಿಗೆ ಇದು ತಿಳಿದಿರಲಿಲ್ಲವೇ?
– ಕಾಲೇಜು ವಿದ್ಯಾರ್ಥಿ, ಕುಂದಾಪುರ (ಇದೇ ಅರ್ಥದ ಇನ್ನೂ ಮೂರು ಪತ್ರಗಳು ಬಂದಿವೆ)

ಉತ್ತರ: ತಿಳಿದಿತ್ತು, ಮತ್ತು ಅವರು ಸುಮ್ಮನಿರಲಿಲ್ಲ. ಜಯಂತಿಯ ವೇದಿಕೆಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗದ ಸಂಗತಿಯೊಂದು ಹೀಗಿದೆ: 1916ರ ಮೇ ತಿಂಗಳಲ್ಲಿ ಗುರುಗಳು ಡಾ. ಪಲ್ಪು ಅವರಿಗೆ ಪತ್ರ ಬರೆದು ಯೋಗದ ಸಂಬಂಧವನ್ನು ಕಡಿದುಕೊಂಡರು. ತಮಗೆ ತಿಳಿಯದಂತೆ ಯೋಗವು ನಿರ್ಣಯಗಳನ್ನು ಮಾಡುತ್ತಿದೆ, ತಮ್ಮ ವಿಷಯದಲ್ಲಿ ಅದಕ್ಕೆ ಆಸಕ್ತಿಯಿಲ್ಲ, ಅದರಲ್ಲಿ ಜಾತಿಯ ಅಭಿಮಾನ ಬೆಳೆಯುತ್ತಿದೆ ಎಂಬವು ಅವರು ಕೊಟ್ಟ ಕಾರಣಗಳು. ಮನಸ್ಸಿನಿಂದ ಮೊದಲೇ ಬಿಟ್ಟಿದ್ದ ಯೋಗವನ್ನು ಈಗ ಮಾತಿನಿಂದಲೂ ಬಿಡುತ್ತಿದ್ದೇನೆ ಎಂಬ ಅರ್ಥದ ಒಕ್ಕಣೆ ಅದರಲ್ಲಿದೆ. ತಾವು ಜಾತಿಮತಗಳನ್ನು ಬಿಟ್ಟು ವರ್ಷಗಳೇ ಆದವು, ಹಾಗಿದ್ದೂ ಕೆಲವರು ತಮ್ಮನ್ನು ಅವರ ವರ್ಗಕ್ಕೆ ಸೇರಿದವರೆಂದು ಎಣಿಸುತ್ತಿದ್ದಾರೆ, ಅದು ಸರಿಯಲ್ಲ ಎಂಬ ಪ್ರಕಟಣೆಯನ್ನೂ ಅದೇ ವರ್ಷ ಹೊರಡಿಸಿದರು.

ಯೋಗದ ಪರವಾಗಿಯೂ ಒಂದು ಮಾತು ಹೇಳಬೇಕು. ಜಾತಿಯ ಹೆಸರಿನಲ್ಲಿ ತುಳಿತಕ್ಕೊಳಗಾದವರು ಎದ್ದು ನಿಲ್ಲಲು ಮೊದಲು ಕೈ ಊರಬೇಕಾದದ್ದು ಅದೇ ಜಾತಿಯ ನೆಲದ ಮೇಲೆ. ಸಹಿ ಸಂಗ್ರಹಿಸಿದ್ದು, ಶಾಲೆ ಕಟ್ಟಿದ್ದು, ಬಾಲೆಯರಿಗೆ ನಿಜವಾದ ಮದುವೆಗೆ ಮೊದಲೇ ತಾಳಿ ಕಟ್ಟುವ ‘ತಾಳಿಕೆಟ್ಟಿ’ನಂಥ ದುಂದುವೆಚ್ಚದ ಶಾಸ್ತ್ರಗಳನ್ನು ನಿಲ್ಲಿಸಿದ್ದು ಆ ಒಗ್ಗಟ್ಟಿನಿಂದಲೇ. ಗುರುಗಳಿಗೂ ಇದು ಬೇಡವಾಗಿರಲಿಲ್ಲ. ಕೈ ಊರಿದವನು ಎದ್ದ ಮೇಲೂ ಆ ನೆಲವನ್ನು ಬಿಡದಿದ್ದದ್ದು ಅವರ ಆಕ್ಷೇಪವಾಗಿತ್ತೆಂದು ನಾನು ಓದಿಕೊಳ್ಳುತ್ತೇನೆ. ಅವರ ಶಿಷ್ಯ ಸಹೋದರನ್ ಅಯ್ಯಪ್ಪನ್ 1917ರಲ್ಲಿ ಚೆರಾಯಿಯಲ್ಲಿ, ಈಳವರಿಗಿಂತ ಕೆಳಗಿನವರೆಂದು ಎಣಿಸಲಾಗಿದ್ದ ಪುಲಯರೊಂದಿಗೆ ಕುಳಿತು ಸಹಪಂಕ್ತಿ ಭೋಜನ ಏರ್ಪಡಿಸಿದಾಗ ಸಿಟ್ಟಾಗಿ ಬಹಿಷ್ಕಾರ ಹಾಕಿದವರಲ್ಲಿ ಅವರ ಸ್ವಂತ ಸಮುದಾಯದವರೇ ಇದ್ದರು. ತಮಗಿಂತ ಮೇಲಿನವರ ಬಾಗಿಲು ತಟ್ಟುತ್ತಿದ್ದವರು ತಮಗಿಂತ ಕೆಳಗಿನವರಿಗೆ ಬಾಗಿಲು ತೆರೆಯಲು ಹಿಂಜರಿದ ಆ ಹೊತ್ತಿನಲ್ಲಿ ಗುರುಗಳು ನಿಂತದ್ದು ಅಯ್ಯಪ್ಪನ್ ಅವರ ಪಕ್ಕದಲ್ಲಿ.

ಪ್ರಶ್ನೆ: ಕುದ್ರೋಳಿಯಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದ ಗುರುಗಳೇ ಮುಂದೆ ದೇವಸ್ಥಾನ ಕಟ್ಟಬೇಡಿ ಎಂದರು ಎನ್ನುತ್ತಾರೆ. ಇದು ವಿರೋಧಾಭಾಸವಲ್ಲವೇ?
– ವ್ಯಾಪಾರಿ, ಮಂಗಳೂರು

ಉತ್ತರ: ಮಂಗಳೂರಿನ ಬಿಲ್ಲವರಿಗೂ ದೇವಸ್ಥಾನದ ಹೊರಗೇ ನಿಂತು ಕೈಮುಗಿಯಬೇಕಾದ ಸ್ಥಿತಿಯಿದ್ದ ಕಾಲದಲ್ಲಿ ಸಾಹುಕಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಗುರುಗಳನ್ನು ಕರೆತರಲಾಯಿತು. 1912ರಲ್ಲಿ ಅವರು ಕುದ್ರೋಳಿಯಲ್ಲಿ ಲಿಂಗಪ್ರತಿಷ್ಠೆ ಮಾಡಿ ಗೋಕರ್ಣನಾಥನೆಂದು ಹೆಸರಿಟ್ಟರು. ಐದು ವರ್ಷ ಕಳೆದು, 1917ರಲ್ಲಿ, ಇನ್ನು ದೇವಸ್ಥಾನ ನಿರ್ಮಾಣಕ್ಕೆ ಪ್ರೋತ್ಸಾಹ ಬೇಡ, ಮುಖ್ಯ ದೇವಾಲಯ ವಿದ್ಯಾಲಯವೇ ಆಗಬೇಕು ಎಂಬ ಸಂದೇಶ ಕೊಟ್ಟದ್ದೂ ನಿಜ. ಜಾತಿಯ ಅಂತರ ಕಡಿಮೆಯಾದೀತೆಂಬ ನಿರೀಕ್ಷೆ ದೇವಸ್ಥಾನಗಳಿಂದ ಈಡೇರಲಿಲ್ಲ ಎಂಬ ಬೇಸರ ಅವರಲ್ಲಿತ್ತು.

ಆದರೆ ಅವರು ಸೂತ್ರ ಹಿಡಿದು ನಡೆದವರಲ್ಲ. ಆ ಸಂದೇಶದ ನಂತರವೂ ಜನ ಕರೆದಲ್ಲಿಗೆ ಹೋಗಿ ಪ್ರತಿಷ್ಠೆ ಮಾಡಿದ್ದಾರೆ. ಬದಲಾದದ್ದು ಗರ್ಭಗುಡಿಯ ಒಳಗಿನ ವಸ್ತು. ತ್ರಿಶ್ಶೂರಿನ ಹತ್ತಿರದ ಕಾರಮುಕ್ಕಿನಲ್ಲಿ ಒಂದು ದೀಪವನ್ನು ಇರಿಸಿದರು. ಮುರುಕ್ಕುಂಪುಳದಲ್ಲಿ ಸತ್ಯ, ಧರ್ಮ, ದಯೆ ಮೊದಲಾದ ಅಕ್ಷರಗಳನ್ನಷ್ಟೇ ಇರಿಸಿದರು. 1927ರಲ್ಲಿ ಕಳವಂಕೋಡಕ್ಕೆ ಹೋದಾಗ ಅಲ್ಲಿ ಜಗಳವೇ ನಡೆದಿತ್ತು: ಹಿರಿಯರಿಗೆ ವಿಗ್ರಹ ಬೇಕು, ತರುಣರಿಗೆ ವಿಗ್ರಹವೇ ಬೇಡ. ಗುರುಗಳು ಕನ್ನಡಿಯೊಂದನ್ನು ತರಿಸಿ, ಅದರ ಹಿಂಬದಿಯ ರಸವನ್ನು ಕೆರೆಸಿ ಓಂಕಾರ ಮೂಡಿಸಿ, ಅದನ್ನೇ ಪ್ರತಿಷ್ಠಾಪಿಸಿದರು. ಕೈಮುಗಿದು ನಿಂತವನಿಗೆ ಅಲ್ಲಿ ಕಾಣುವುದು ಓಂಕಾರ ಮತ್ತು ತನ್ನದೇ ಮುಖ. ಹಿರಿಯರೂ ಒಪ್ಪಿದರು, ತರುಣರೂ ಒಪ್ಪಿದರು. ಅದ್ವೈತವನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಹೇಳಿದ ಇನ್ನೊಂದು ಉದಾಹರಣೆ ನನ್ನ ಓದಿನಲ್ಲಿ ಸಿಕ್ಕಿಲ್ಲ.

ಕುದ್ರೋಳಿಯ ಮಟ್ಟಿಗೆ ಹೇಳುವುದಾದರೆ, ದಸರಾದ ವಿದ್ಯುದ್ದೀಪಗಳನ್ನು ನೋಡಲು ಬರುವವರು 2013ರಲ್ಲಿ ಅಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದನ್ನೂ ನೆನಪಿಡಬೇಕು. ಅರುವಿಪ್ಪುರದ ಕಲ್ಲಿನ ನಂಟು ದೀಪಾಲಂಕಾರಕ್ಕಿಂತ ಆ ನೇಮಕದಲ್ಲಿಯೇ ನನಗೆ ಹೆಚ್ಚು ಕಾಣುತ್ತದೆ.

ಪ್ರಶ್ನೆ: ಶಿವಗಿರಿ ಯಾತ್ರೆಗೆ ಹೋಗುವವರು ಹಳದಿ ಬಟ್ಟೆಯನ್ನೇ ಏಕೆ ಉಡುತ್ತಾರೆ? ಈ ಬಾರಿ ನಮ್ಮ ಊರಿನಿಂದ ಹೊರಡುವವರು ಒಂದೇ ಬಗೆಯ ರೇಷ್ಮೆ ಶಲ್ಯ ಮತ್ತು ರುದ್ರಾಕ್ಷಿ ಮಾಲೆ ಕೊಳ್ಳಬೇಕೆಂದು ಹಣ ಕೂಡಿಸುತ್ತಿದ್ದಾರೆ. ಇದಕ್ಕೆ ಗುರುಗಳ ಅಪ್ಪಣೆ ಇದೆಯೇ?
– ಓದುಗರು, ಉಡುಪಿ

ಉತ್ತರ: ಹಣವನ್ನು ಹಿಂದಿರುಗಿಸಲು ಇನ್ನೂ ಸಮಯವಿದೆ. 1928ರ ಆರಂಭದಲ್ಲಿ, ಅಂದರೆ ಅವರು ವರ್ಕಲದ ಶಿವಗಿರಿಯಲ್ಲಿ ಸಮಾಧಿಯಾದ ಸೆಪ್ಟೆಂಬರ್ 20ಕ್ಕೆ ಕೆಲವೇ ತಿಂಗಳು ಮೊದಲು, ಕೋಟ್ಟಯಂನ ನಾಗಂಪಡಂ ದೇವಸ್ಥಾನದಲ್ಲಿ ಗುರುಗಳು ತಂಗಿದ್ದಾಗ ಭಕ್ತರು ಈ ಯಾತ್ರೆಗೆ ಅನುಮತಿ ಕೇಳಿದರು. ಜನವರಿ ಒಂದರಂದು ಶಿವಗಿರಿಗೆ ಬಂದು ಸೇರಲಿ ಎಂದರು. ಅದಕ್ಕೆ ಮೊದಲು 10 ದಿನಗಳ ಶುದ್ಧಿಯ ವ್ರತ ಸಾಕೆಂದರು. ಯಾತ್ರೆಯ ಉದ್ದೇಶವೇನೆಂದು ತಾವೇ ಕೇಳಿ, ವಿದ್ಯೆ, ಶುಚಿತ್ವ, ದೈವಭಕ್ತಿ, ಸಂಘಟನೆ, ಕೃಷಿ, ವ್ಯಾಪಾರ, ಕೈಕಸುಬು, ತಾಂತ್ರಿಕ ತರಬೇತಿ ಎಂಬ ಎಂಟು ವಿಷಯಗಳನ್ನು ಹೇಳಿ, ಅವುಗಳಲ್ಲಿ ಪಳಗಿದವರನ್ನು ಕರೆಸಿ ಭಾಷಣ ಮಾಡಿಸಿರಿ, ಜನರು ಗಮನವಿಟ್ಟು ಕೇಳಲಿ ಎಂದರು. ತೀರ್ಥಯಾತ್ರೆಯ ಉದ್ದೇಶಗಳಲ್ಲಿ ಕೃಷಿಯೂ ವ್ಯಾಪಾರವೂ ಸೇರಿದ್ದನ್ನು ಗಮನಿಸಿ.

ಬಟ್ಟೆಯ ಮಾತು ಬಂದಾಗ, ಹಳದಿಯಾಗಲಿ, ಅದು ಶ್ರೀಕೃಷ್ಣನ ಬಣ್ಣ, ಬುದ್ಧನ ಬಣ್ಣ ಎಂದರು. ಕೂಡಲೇ, ಹಳದಿ ಎಂದೆನೆಂದು ಯಾರೂ ರೇಷ್ಮೆ ಕೊಳ್ಳಲು ಹೊರಡಬಾರದು, ಹೊಸ ಬಟ್ಟೆಯೂ ಬೇಡ, ಉಡುತ್ತಿರುವ ಬಿಳಿಯ ಬಟ್ಟೆಯನ್ನೇ ಅರಿಸಿನದ ನೀರಿನಲ್ಲಿ ಅದ್ದಿ ಉಟ್ಟರೆ ಆಯಿತು, ಆಮೇಲೆ ಒಗೆದು ಮತ್ತೆ ಉಡಬಹುದು ಎಂದು ಎಚ್ಚರಿಸಿದರು. ರುದ್ರಾಕ್ಷಿ ಧರಿಸಬೇಕೇ ಎಂದು ಅಲ್ಲಿದ್ದವರೊಬ್ಬರು ಕೇಳಿದ ಪ್ರಶ್ನೆಗೂ ಉತ್ತರ ಸಿಕ್ಕಿದೆ: ಬೇಡ, ಬೇಕಾದರೆ ರುದ್ರಾಕ್ಷಿಯನ್ನು ತಣ್ಣೀರಿನಲ್ಲಿ ತೇಯ್ದು ಕುಡಿಯಲಿ, ಏನಾದರೂ ಗುಣ ಸಿಕ್ಕೀತು.