ಅಜ್ಜಿ ಮತ್ತು ಎತ್ತಿನ ಸಿನಿಮಾಕ್ಕೆ 12 ಲಕ್ಷ ಸಾಕಾ?

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಅವಸರದಲ್ಲಿ ಎರಡು ಸಾಲು ಬರೆಯೋದು ಬೇಡ ಅಂತ ಇವತ್ತು ಕೂತು ಬರೆಯುತ್ತಿದ್ದೇನೆ. ಬ್ಯಾಡಗಿ ಹತ್ತಿರದ ಹಳ್ಳಿ, ಕಳೆದುಹೋದ ಎತ್ತನ್ನು ಹುಡುಕಿಕೊಂಡು ಹೊರಡುವ ಅಜ್ಜಿ, ಒಂದೂವರೆ ಗಂಟೆಯ ಸಿನಿಮಾ, ಗೆಳೆಯರೆಲ್ಲ ಸೇರಿ ಕೂಡಿಸಿದ 12 ಲಕ್ಷ. ಯಾವ ಕ್ಯಾಮೆರಾ ಬಾಡಿಗೆಗೆ ತರಬೇಕು, ಬಿಡುಗಡೆ ಹೇಗೆ ಮಾಡಬೇಕು ಅಂತ ಕೇಳಿದ್ದೀರಿ.

12 ಲಕ್ಷದಲ್ಲಿ ಆಗುತ್ತದೆ. ಆದರೆ ಅದರಲ್ಲಿ 4 ಲಕ್ಷ ಇವತ್ತೇ ಬೇರೆ ಖಾತೆಗೆ ಹಾಕಿ. ಇಬ್ಬರ ಸಹಿ ಇಲ್ಲದೆ ಆ ದುಡ್ಡು ಹೊರಗೆ ಬರಬಾರದು. ಅದು ಸಿನಿಮಾವನ್ನು ಜನರ ಹತ್ತಿರ ತಗೊಂಡು ಹೋಗುವ ದುಡ್ಡು. ನಾನು ಎರಡು ಸಣ್ಣ ಸಿನಿಮಾಗಳಲ್ಲಿ ಪ್ರೊಡಕ್ಷನ್ ನೋಡಿಕೊಂಡಿದ್ದೇನೆ. ಮೊದಲನೆಯದರಲ್ಲಿ ಶೂಟಿಂಗ್ ಮುಗಿಯುವಷ್ಟರಲ್ಲೇ ಕೈ ಖಾಲಿ. ಎಡಿಟ್ ಆದ ಸಿನಿಮಾ ಎರಡು ವರ್ಷ ಹಾರ್ಡ್ ಡಿಸ್ಕ್‌ನಲ್ಲೇ ಕೂತಿತ್ತು. ಹೀಗೆ ನಿಂತುಹೋದ ಒಳ್ಳೆಯ ಸಿನಿಮಾಗಳು ನನ್ನ ಪರಿಚಯದವರ ಹತ್ತಿರವೇ ನಾಲ್ಕೈದು ಇವೆ. ಅದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕ್ಯಾಮೆರಾ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮ ಛಾಯಾಗ್ರಾಹಕರ ಕೈಗೆ ಪಳಗಿರುವ ಯಾವ ಮಿರರ್‌ಲೆಸ್ ಕ್ಯಾಮೆರಾ ಆದರೂ ಸಾಕು. ಸೆಕೆಂಡಿಗೆ 24 ಫ್ರೇಮ್ ಇಡಿ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಡಿ. ನಮ್ಮ ಕರೆಂಟ್ 50 ಹರ್ಟ್ಜ್. ಶಟರ್ ಬೇರೆ ಇದ್ದರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬ್ ಇರುವ ಮನೆಯೊಳಗೆ ಚಿತ್ರ ಮಿನುಗಬಹುದು. ಪ್ರತಿ ರಾತ್ರಿ ಫೂಟೇಜನ್ನು ಎರಡು ಡಿಸ್ಕ್‌ಗೆ ಕಾಪಿ ಮಾಡಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿಡಿ. ಎಡಿಟಿಂಗ್‌ಗೆ, ಕಲರ್‌ಗೆ ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಸಾಕಾಗುತ್ತದೆ.

ಈಗ ಸೌಂಡ್. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಮೊದಲ ಸಿನಿಮಾದಲ್ಲಿ ದುಬಾರಿ ಕ್ಯಾಮೆರಾ ತಂದೆವು. ಸೌಂಡ್‌ಗೆ ದುಡ್ಡು ಉಳಿಯಲಿಲ್ಲ. ಆಮೇಲೆ ಡಬ್ ಮಾಡಿದರಾಯ್ತು ಅಂದುಕೊಂಡೆವು. ಅದರಲ್ಲೂ ಒಬ್ಬ ಅಜ್ಜಿ ಇದ್ದರು. ಅಡಿಕೆ ಸುಲಿಯುತ್ತಾ ಮಗಳ ಹತ್ತಿರ ಮಾತಾಡುವ ದೃಶ್ಯವನ್ನು ಒಂದೇ ಟೇಕ್‌ನಲ್ಲಿ ಮಾಡಿದ್ದರು. ನಾವೆಲ್ಲ ಉಸಿರು ಹಿಡಿದು ನೋಡಿದ್ದೆವು. ಮೂರು ತಿಂಗಳ ಮೇಲೆ ಸ್ಟುಡಿಯೋಗೆ ಕರೆದುಕೊಂಡು ಹೋದೆವು. ಕತ್ತಲೆ ಕೋಣೆ, ಕಿವಿಗೆ ಹೆಡ್‌ಫೋನ್, ಎದುರಿಗೆ ಪರದೆ. ತಮ್ಮದೇ ತುಟಿಗೆ ಮಾತು ಕೂಡಿಸಲು ಅವರಿಗೆ ಆಗಲೇ ಇಲ್ಲ. ಎರಡು ದಿನ ಕೂತರು. ‘ನನ್ನಿಂದ ನಿಮ್ಮ ಕೆಲಸ ಹಾಳಾಯ್ತಲ್ಲಾ ಮಗ’ ಅಂತ ಕಣ್ಣಲ್ಲಿ ನೀರು ತಂದುಕೊಂಡರು. ತಪ್ಪು ಪೂರ್ತಿ ನಮ್ಮದು. ಕೊನೆಗೆ ಬೆಂಗಳೂರಿನ ಒಬ್ಬ ಕಲಾವಿದೆಯ ದನಿ ಹಾಕಿದೆವು. ಪರದೆ ಮೇಲೆ ಮುಖ ಅಜ್ಜಿಯದು, ಮಾತು ಮಾತ್ರ ಯಾರದೋ. ಊರಿನವರು ನೋಡಿದಾಗ ಮೊದಲು ಕೇಳಿದ್ದೇ ಅದು.

ನಿಮ್ಮ ಅಜ್ಜಿಯೂ ನಟಿ ಅಲ್ಲ ಅಂತ ಬರೆದಿದ್ದೀರಿ. ಹಾಗಾದರೆ ಸಿಂಕ್ ಸೌಂಡ್, ಅಂದರೆ ಶೂಟಿಂಗ್ ಹೊತ್ತಲ್ಲೇ ಮಾತು ರೆಕಾರ್ಡ್ ಮಾಡುವುದು, ಬಿಟ್ಟು ಬೇರೆ ದಾರಿ ಇಲ್ಲ. ಹಾವೇರಿ ಕಡೆಯ ಮಾತಿನ ಎಳೆತ ಸ್ಟುಡಿಯೋದಲ್ಲಿ ಹುಟ್ಟುವುದಿಲ್ಲ. ಒಬ್ಬ ಅನುಭವಿ ಸೌಂಡ್ ರೆಕಾರ್ಡಿಸ್ಟ್, ಜೊತೆಗೆ ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಹಿಡಿಯುವ ಒಬ್ಬ, ಬಟ್ಟೆಗೆ ಸಿಕ್ಕಿಸುವ ಎರಡು ಲ್ಯಾಪೆಲ್ ಮೈಕ್. ಇವರಿಗೆ ಚೌಕಾಸಿ ಮಾಡದೆ ದುಡ್ಡು ಕೊಡಿ. ಪ್ರತಿ ಜಾಗದಲ್ಲೂ ಶಾಟ್ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಸುಮ್ನೆ ನಿಂತು, ಆ ಜಾಗದ ಬರೀ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಮಾತಿನ ನಡುವೆ ಕತ್ತರಿ ಹಾಕಿದಾಗ ಆ ಒಂದು ನಿಮಿಷವೇ ತೇಪೆಗೆ ಬರುತ್ತದೆ. ಪಂಪ್‌ಸೆಟ್ ಯಾವ ಹೊತ್ತಿಗೆ ಓಡುತ್ತದೆ, ಗುಡಿಯ ಮೈಕ್ ಎಷ್ಟಕ್ಕೆ ಶುರುವಾಗುತ್ತದೆ, ಬಸ್ಸು ಯಾವಾಗ ಬರುತ್ತದೆ, ಇದನ್ನೆಲ್ಲ ಬರೆದಿಟ್ಟುಕೊಂಡು ಶೂಟಿಂಗ್ ಪಟ್ಟಿ ಮಾಡಿ.

ಊಟಕ್ಕೂ ಜಿಪುಣತನ ಬೇಡ. 25 ಜನ, ತಲೆಗೆ ದಿನಕ್ಕೆ 300 ರೂಪಾಯಿ ಅಂದರೆ 7,500. ಹದಿನೆಂಟು ದಿನದ ಶೂಟಿಂಗ್ ಅಂದುಕೊಂಡರೆ 1,35,000. ಜಾಸ್ತಿ ಅನ್ನಿಸಬಹುದು. ಆದರೆ ಸಂಬಳ ಕಡಿಮೆ ತಗೊಂಡು ದುಡಿಯುವವರಿಗೆ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಹಾಕುವುದು ನಮ್ಮ ಕರ್ತವ್ಯ. ಊರಿನ ಹೆಣ್ಣುಮಕ್ಕಳಿಗೇ ಅಡುಗೆ ವಹಿಸಿ, ದುಡ್ಡು ಅಂದಂದೇ ಕೊಡಿ.

ಕಾಗದಪತ್ರದಲ್ಲಿ ಮೂರು ವಿಷಯ ನಿಮ್ಮನ್ನು ಕಾಡಬಹುದು. ಒಂದು, ಎತ್ತು. ಪ್ರಾಣಿ ಇರುವ ಸಿನಿಮಾಕ್ಕೆ ಶೂಟಿಂಗ್‌ಗಿಂತ ಮೊದಲೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಪಡೆಯಬೇಕು. ಪಶುವೈದ್ಯರಿಂದ ಎತ್ತಿನ ಆರೋಗ್ಯದ ಸರ್ಟಿಫಿಕೇಟ್ ಮಾಡಿಸಿ. ಮಂಡಳಿಯ ಕಚೇರಿ ಈಗ ಹರಿಯಾಣದ ಬಲ್ಲಭ್‌ಗಢದಲ್ಲಿದೆ, ಆದ್ದರಿಂದ ಈಗಲೇ ಅರ್ಜಿ ಹಾಕಿ. ಇವರ ಪತ್ರ ಇಲ್ಲದಿದ್ದರೆ ಸೆನ್ಸಾರ್‌ನಲ್ಲಿ ಸಿನಿಮಾ ನಿಲ್ಲುತ್ತದೆ. ಎರಡು, ಬೀಡಿ. ಕಟ್ಟೆ ಮೇಲೆ ಕೂತ ಅಜ್ಜಂದಿರು ಬೀಡಿ ಸೇದುವ ಶಾಟ್ ಬಂದರೆ ಪರದೆ ಮೇಲೆ ಎಚ್ಚರಿಕೆಯ ಸಾಲು, ಶುರುವಿನಲ್ಲೂ ಮಧ್ಯದಲ್ಲೂ ಆರೋಗ್ಯದ ಜಾಹೀರಾತು ಹಾಕಬೇಕಾಗುತ್ತದೆ. ಕಥೆಗೆ ಬೇಕಿದ್ದರೆ ಮಾತ್ರ ಇಡಿ. ಮೂರು, ಹಿಂದೆ ಕೇಳಿಸುವ ಹಾಡು. ಚಹಾ ಅಂಗಡಿಯ ಟಿವಿಯಲ್ಲಿ ಸಿನಿಮಾ ಹಾಡು ಬರುತ್ತಿದ್ದರೆ ಅದರ ಹಕ್ಕು ಯಾವುದೋ ಮ್ಯೂಸಿಕ್ ಕಂಪನಿಯದು. ಶಾಟ್ ತೆಗೆಯುವಾಗ ಟಿವಿ ಆರಿಸಿಬಿಡಿ.

ನಟಿಸಿದ ಪ್ರತಿಯೊಬ್ಬರಿಂದಲೂ, ಮನೆ ಹೊಲ ಕೊಟ್ಟವರಿಂದಲೂ ಕನ್ನಡದಲ್ಲೇ ಬರೆದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಓದಲು ಬಾರದವರಿಗೆ ಓದಿ ಹೇಳಿ. ಸಿನಿಮಾದ ಹೆಸರನ್ನು ಫಿಲ್ಮ್ ಚೇಂಬರ್‌ನಲ್ಲಿ (ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ) ನೋಂದಾಯಿಸುವುದನ್ನು ಮರೆಯಬೇಡಿ.

ಇನ್ನು ಬಿಡುಗಡೆ. ಸಿನಿಮಾ ಮುಗಿದ ಕೂಡಲೇ ಬೆಂಗಳೂರಿನಲ್ಲಿ ಶುಕ್ರವಾರ ಬಿಡಬೇಡಿ, ಇದು ನನ್ನ ಖಚಿತ ಅಭಿಪ್ರಾಯ. ಮಲ್ಟಿಪ್ಲೆಕ್ಸ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಒಂದು ಶೋ ಸಿಗುತ್ತದೆ. ಸೋಮವಾರ ಅದೂ ಇರುವುದಿಲ್ಲ. ಪೋಸ್ಟರಿನ ದುಡ್ಡೂ ವಾಪಸ್ ಬರಲ್ಲ.

ಮೊದಲು ಫಿಲ್ಮ್ ಫೆಸ್ಟಿವಲ್‌ಗಳಿಗೆ ಕಳಿಸಿ. ಮಂಡ್ಯದ ಹಳ್ಳಿಯವರೇ ನಟಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಫೆಸ್ಟಿವಲ್‌ನಲ್ಲಿ ಎರಡು ಪ್ರಶಸ್ತಿ ಪಡೆದು, 2016ರಲ್ಲಿ ಇಲ್ಲಿ ತೆರೆಗೆ ಬಂತು. ಜನ ಆಗಲೇ ಅದರ ಹೆಸರು ಕೇಳಿದ್ದರು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದ ‘ಶಿವಮ್ಮ’ನಿಗೆ 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಫೆಸ್ಟಿವಲ್‌ನಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಸಿಕ್ಕಿತು. ಎಲ್ಲರಿಗೂ ಹಾಗಾಗುವುದಿಲ್ಲ, ಆದರೆ ಕಳಿಸದೆ ಇರಬೇಡಿ. ಗೋವಾದಲ್ಲಿ ನಡೆಯುವ ಸಿನಿಮಾ ಮಾರುಕಟ್ಟೆ ಫಿಲ್ಮ್ ಬಜಾರ್‌ನಲ್ಲಿ (ಈಗ ವೇವ್ಸ್ ಫಿಲ್ಮ್ ಬಜಾರ್) ಇನ್ನೂ ಎಡಿಟಿಂಗ್ ಹಂತದ ಸಿನಿಮಾಗಳಿಗೂ ಒಂದು ವಿಭಾಗ ಇದೆ. ಅದಕ್ಕೂ ಅರ್ಜಿ ಹಾಕಿ. ಅಲ್ಲಿಯವರೆಗೆ ಸಿನಿಮಾವನ್ನು ಯೂಟ್ಯೂಬ್‌ಗೆ ಹಾಕಬೇಡಿ. ತಮ್ಮಲ್ಲೇ ಮೊದಲ ಪ್ರದರ್ಶನ ಆಗಬೇಕು ಅಂತ ಕೇಳುವ ಫೆಸ್ಟಿವಲ್‌ಗಳು ಬಹಳ ಇವೆ.

ಇದಕ್ಕೆ ಎರಡು ತಯಾರಿ ಬೇಕು. ಇಂಗ್ಲಿಷ್ ಸಬ್‌ಟೈಟಲ್ ಬರೆಯುವವರಿಗೆ ನಿಮ್ಮ ಕಡೆಯ ಮಾತು ಗೊತ್ತಿರಬೇಕು. ಮತ್ತೆ ಶೂಟಿಂಗ್ ದಿನಗಳಲ್ಲೇ ಸ್ಟಿಲ್ ಫೋಟೋ ತೆಗೆಯಲು ಒಬ್ಬರು ಬೇಕೇ ಬೇಕು. ಫೆಸ್ಟಿವಲ್, ಪತ್ರಿಕೆ, ಪೋಸ್ಟರ್ ಎಲ್ಲಕ್ಕೂ ದೊಡ್ಡ ಅಳತೆಯ ಒಳ್ಳೆ ಫೋಟೋ ಕೇಳುತ್ತಾರೆ. ವಿಡಿಯೋದಿಂದ ಕಿತ್ತ ಫ್ರೇಮ್ ಮಸುಕಾಗಿ ಕಾಣುತ್ತದೆ.

ಸೆನ್ಸಾರ್ ಸರ್ಟಿಫಿಕೇಟಿನ ತಾರೀಖಿನ ಮೇಲೂ ಕಣ್ಣಿಡಿ. ರಾಷ್ಟ್ರಪ್ರಶಸ್ತಿಗೆ ಆ ವರ್ಷದ ಜನವರಿಯಿಂದ ಡಿಸೆಂಬರ್ ಒಳಗೆ ಸರ್ಟಿಫಿಕೇಟ್ ಆದ ಸಿನಿಮಾಗಳನ್ನೇ ನೋಡುತ್ತಾರೆ. ರಾಜ್ಯ ಸರ್ಕಾರದ ಸಹಾಯಧನಕ್ಕೂ ಅರ್ಜಿ ಹಾಕಿ, ಆದರೆ ಆ ದುಡ್ಡನ್ನು ನಂಬಿ ಸಾಲ ಮಾಡಬೇಡಿ. ಆಯ್ಕೆಯಾಗಿ ಕೈಗೆ ಬರಲು ತುಂಬಾ ದಿನ ಹಿಡಿಯುತ್ತದೆ.

ಆಮೇಲೆ ಊರೂರಿಗೆ ಹೋಗಿ. ಎತ್ತಿಟ್ಟ 4 ಲಕ್ಷ ಖರ್ಚಾಗಬೇಕಾದದ್ದು ಇಲ್ಲಿ. ಮೊದಲು ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ, ಆಮೇಲೆ ಹುಬ್ಬಳ್ಳಿ-ಧಾರವಾಡ. ಥಿಯೇಟರನ್ನು ವಾರಕ್ಕೆ ಹಿಡಿಯಬೇಡಿ. ಭಾನುವಾರದ ಒಂದು ಶೋ ಬಾಡಿಗೆಗೆ ಮಾತಾಡಿ, ಟಿಕೆಟ್ಟನ್ನು ನೀವೇ ಮಾರಿ. ಅಜ್ಜಿಯನ್ನು ಕರೆದುಕೊಂಡು ಹೋಗಿ, ಸಿನಿಮಾ ಮುಗಿದ ಮೇಲೆ ಜನರ ಜೊತೆ ಕೂರಿಸಿ. ನಮ್ಮ ಎರಡನೇ ಸಿನಿಮಾಕ್ಕೆ ಹೀಗೇ ಮಾಡಿದೆವು. ಹನ್ನೊಂದು ಊರು ಸುತ್ತಿದೆವು, ಎಂಟರಲ್ಲಿ ಹಾಲ್ ತುಂಬಿತ್ತು. ನಾನು ಸಾಗರದ ಕಡೆಯವನು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿದರು. ಹಳ್ಳಿಯ ಜನಕ್ಕೆ ಇಂಥ ಸಿನಿಮಾ ಅರ್ಥವಾಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನೋಡುವವರನ್ನು ಹುಡುಕುವ ಕೆಲಸವೂ ಇವತ್ತಿನಿಂದಲೇ ಶುರುವಾಗಲಿ. ‘ಲೂಸಿಯಾ’ಗೆ 100ಕ್ಕೂ ಹೆಚ್ಚು ಜನ ಸಿನಿಮಾ ಶುರುವಾಗುವ ಮುಂಚೆಯೇ ದುಡ್ಡು ಹಾಕಿದ್ದರು. 2013ರಲ್ಲಿ ಅದು ತೆರೆಗೆ ಬಂತು. ಹಾಗೆ ಜೊತೆಯಾದವರಿಗೆ ಅದು ತಮ್ಮದೇ ಸಿನಿಮಾ ಅನ್ನಿಸುವುದು ಸಹಜ. ನೀವು ದುಡ್ಡು ಕೇಳಬೇಕಿಲ್ಲ. ಎತ್ತಿನ ಹುಡುಕಾಟ, ಅಜ್ಜಿಯ ಜೊತೆ ಮಾತುಕತೆ, ಊರಿನ ತಯಾರಿ ಇವನ್ನು ವಾರಕ್ಕೊಂದು ಸಣ್ಣ ವಿಡಿಯೋ ಮಾಡಿ ವಾಟ್ಸಾಪ್‌ನಲ್ಲಿ ಹಂಚಿ. ನೋಡಿದವರ ಊರು, ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ. ಶೋ ದಿನ ಫೋನ್ ಮಾಡಲು ಅದೇ ಪಟ್ಟಿ ಬೇಕಾಗುತ್ತದೆ.

ಒಂದು ಕೆಲಸ ಮಾಡಿ. ಕ್ಯಾಮೆರಾಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ರಾತ್ರಿ ಅಜ್ಜಿಯ ಮನೆಯಲ್ಲಿ ಉಳಿದುಕೊಳ್ಳಿ. ಒಂದು ರೆಕಾರ್ಡರ್ ಬಾಡಿಗೆಗೆ ತಂದು ಅಡುಗೆಮನೆ, ಕೊಟ್ಟಿಗೆ, ಅಂಗಳ ಮೂರೂ ಕಡೆ ಹತ್ತತ್ತು ನಿಮಿಷ ಅಜ್ಜಿ ಮಾತಾಡುವುದನ್ನು ರೆಕಾರ್ಡ್ ಮಾಡಿ. ಆ ಫೈಲ್ ಇಲ್ಲಿ ಹಾಕಿ. ನಾನು ಕೇಳುತ್ತೇನೆ, ಯಾವ ಮೈಕ್ ಬೇಕು ಅಂತ ಆಗ ಸರಿಯಾಗಿ ಹೇಳಬಹುದು.